ಬಲಗಡೆ ಬೀಳುವ ಗೆರೆ

ಓದಲು ಬಾರದವನಿಗಿಂತ ಎಲ್ಲವನ್ನೂ ಓದಬಲ್ಲೆ ಎಂದುಕೊಂಡವನು ಹೆಚ್ಚು ಅಪಾಯದ ಮನುಷ್ಯ. ನಾನು ಈ ಎರಡನೆಯ ಜಾತಿ. ದಾಂಡೇಲಿಯ ಕಾಗದದ ಗಿರಣಿಯಲ್ಲಿ ಯಂತ್ರದ ಪಕ್ಕ ನಿಂತು ಕೂಗಾಡುವ ಸೂಪರ್‌ವೈಜರ್. ಉತ್ಪಾದನೆಯ ಗ್ರಾಫು ಬರೆಯುವವನೂ ನಾನೇ. ಎಡಗಡೆ ಯುಗಾದಿ, ಬಲಗಡೆ ಶಿವರಾತ್ರಿ. ಗೆರೆ ಏರಿದರೆ ಸಾಹೇಬರ ಮುಖ ಅರಳುತ್ತದೆ, ಇಳಿದರೆ ನನಗೆ ಕರೆ ಬರುತ್ತದೆ. ಜಗತ್ತಿನಲ್ಲಿ ಗ್ರಾಫು ಅಂದರೆ ಇದೊಂದೇ ಅಂತ ನನ್ನ ತಿಳುವಳಿಕೆ.

ನಮ್ಮ ರೇಡಿಯೋದ ಮೇಲೆ ಹೆಂಡತಿ ಗಂಗವ್ವನದು ಹಳೆಯ ತಕರಾರು: ಯಾರೇ ಹಾಡಲಿ, ಗೋಣಿಚೀಲದಾಗ ಕುಂತು ಹಾಡಿದಂತೆ ಕೇಳುತ್ತದಂತೆ. ಅಷ್ಟರಲ್ಲಿ ಅವಳ ತವರೂರು ತೇರಗಾಂವದಿಂದ ಸುದ್ದಿ ಬಂತು. ಅವಳ ತಂಗಿ ನೀಲವ್ವನ ಭಜನಾ ಮೇಳ ಧಾರವಾಡದ ರೇಡಿಯೋದಲ್ಲಿ ಹಾಡಲಿದೆ. ನೀಲವ್ವ ಹಾಡುವವಳಲ್ಲ, ಕಂಚಿನ ಪುಟ್ಟ ತಾಳ ಹಾಕುವವಳು. ತಾಯಿಯಿಲ್ಲದ ಆ ಕೂಸನ್ನು ಬಗಲಲ್ಲಿ ಹೊತ್ತು ಬೆಳೆಸಿದವಳು ನನ್ನ ಹೆಂಡತಿ. ಉಳಿದವರು ಹೆಂಗಾದರೂ ಹಾಡಿಕೊಳ್ಳಲಿ, ತಂಗಿಯ ತಾಳ ತನಗೆ ಕೇಳಲೇಬೇಕು ಅಂತ ಹಟ ಹಿಡಿದಳು. ಹುಬ್ಬಳ್ಳಿಗೆ ಹೋಗಿ ಟ್ವೀಟರ್ ತಂದೆ. ಸಣ್ಣ ಸ್ವರಕ್ಕೆಂದೇ ಮಾಡಿದ ಪುಟ್ಟ ಸ್ಪೀಕರು ಅದು, ಹಳೆಯದರ ಜೋಡಿಗೆ ಕೂಡಿಸುವಂಥದ್ದು.

ಡಬ್ಬಿಯಲ್ಲಿ ಒಂದು ಗ್ರಾಫೂ ಇತ್ತು. ಗೆರೆ ಎಡಗಡೆ ನೆಲದಿಂದ ಎದ್ದು, ನಡುವೆ ನೆಟ್ಟಗೆ ನಡೆದು, ಬಲತುದಿಯಲ್ಲಿ ದಬಕ್ಕನೆ ಬಿದ್ದಿತ್ತು. ಗಿರಣಿಯ ಗ್ರಾಫಿನಂತೆಯೇ ಅದನ್ನೂ ಓದಿದೆ. ಮೊದಲು ಕುಂಟುತ್ತದೆ, ಆಮೇಲೆ ದುಡಿಯುತ್ತದೆ, ವರ್ಷ ತುಂಬುವುದರೊಳಗೆ ಸಾಯುತ್ತದೆ! ಪಾಪ, ಮಾಡಿದವರು ಪ್ರಾಮಾಣಿಕರು, ಮೊದಲೇ ತಿಳಿಸಿದ್ದಾರೆ ಅಂದುಕೊಂಡೆ. ಭಜನೆಯ ದಿನದವರೆಗೆ ಅದರ ಆಯುಷ್ಯ ಸವೆಯಬಾರದೆಂದು ವಾಯರು ಜೋಡಿಸದೆ, ಧೋತರದಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟೆ.

ಭಜನೆಯ ಹಿಂದಿನ ದಿನ ಗಂಗವ್ವ ಟ್ರಂಕು ತೆಗೆದಳು. ಧೋತರ ಬಿಚ್ಚಿದವಳು ಇದೇನು ಅಂದಳು. ಗ್ರಾಫು ತೋರಿಸಿ ಗಂಭೀರವಾಗಿ ವಿವರಿಸಿದೆ. ಅವಳಿಗೆ ಇಂಗ್ಲಿಷು ಬಾರದು, ಅಂಕಿ ಬರುತ್ತವೆ. ಮೇಲಾಗಿ ಮದುವೆಗೆ ಮುಂಚೆ ಹಾರ್ಮೋನಿಯಂ ಪೇಟಿ ಕಲಿತವಳು. ಗೆರೆಯ ಕೆಳಗಿನ ಅಂಕಿಗಳ ಮೇಲೆ ಬೆರಳಾಡಿಸಿದಳು.

"ಹತ್ತು ಸಾವಿರ ತಿಂಗಳ ಯಾವ ರೇಡಿಯೋ ಬದುಕತೈತ್ರಿ? ಇದು ಪೇಟಿಯೊಳಗ ಬೆರಳಿಂದ ಒತ್ತೋ ಮನಿ ಇದ್ದಂಗ ಐತಿ. ಎಡಕ್ಕ ದಪ್ಪ ಸ್ವರ, ಬಲಕ್ಕ ಸಣ್ಣ ಸ್ವರ. ಗೆರಿ ಮ್ಯಾಲಿದ್ದಲ್ಲೆ ಜೋರ ಹಾಡತೈತಿ, ಬಿದ್ದಲ್ಲೆ ದನಿ ಹೋಗತೈತಿ, ಅಷ್ಟ."

ದಪ್ಪ ಸ್ವರ ಹಳೆಯ ಸ್ಪೀಕರಿನ ಪಾಲು, ಅದಕ್ಕೇ ಎಡಗಡೆ ಗೆರೆ ನೆಲ ಹಿಡಿದಿದೆ ಅಂತಲೂ ಅವಳೇ ಹೇಳಿದಳು. ಇಷ್ಟು ವರ್ಷ ಗ್ರಾಫು ಬರೆದ ನಾನು ಅವಳ ಮಾತಿನಂತೆ ವಾಯರು ಜೋಡಿಸಿದೆ.

ಮರುದಿನ ಭಜನೆ ಶುರುವಾಯಿತು. ನಾನು ತಲೆದೂಗಿ, ನೀಲವ್ವ ತಾಳ ಭೇಷ್ ಹಾಕತಾಳ ಅಂದೆ.

"ಆಕಿ ಇನ್ನೂ ಶುರು ಮಾಡಿಲ್ಲರೀ," ಅಂದಳು ಗಂಗವ್ವ.

ಸ್ವಲ್ಪ ಹೊತ್ತಿಗೆ ಅವಳ ಕಣ್ಣು ತುಂಬಿ ಬಂತು. ನನಗೆ ಕೇಳುತ್ತಿದ್ದುದರಲ್ಲಿ ಏನೂ ಬದಲಾಗಿರಲಿಲ್ಲ. ಟ್ವೀಟರ್ ಕೆಟ್ಟಿತೆಂದು ವಾಯರಿಗೆ ಕೈ ಹಾಕಲು ಎದ್ದೆ. ಅವಳು ಗಟ್ಟಿಯಾಗಿ ಕೈ ಹಿಡಿದು ಕೂರಿಸಿದಳು. ನನ್ನ ಮುಖ ನೋಡಿದಳು, ರೇಡಿಯೋ ನೋಡಿದಳು. ಯಂತ್ರದ ಗದ್ದಲದಲ್ಲಿ ಕೂಗಾಡಿ ಕೂಗಾಡಿ ನನ್ನ ಕಿವಿಯ ಗೆರೆಯೂ ಬಲತುದಿಯಲ್ಲಿ, ಸಣ್ಣ ಸ್ವರ ಕೇಳುವ ಕಡೆ, ಎಂದೋ ಬಿದ್ದುಹೋಗಿತ್ತೆಂದು ಆಗ ಇಬ್ಬರಿಗೂ ಗೊತ್ತಾಯಿತು. ಅವಳು ತಂಗಿಯ ತಾಳವನ್ನು ನನ್ನ ಅಂಗೈ ಮೇಲೆ ಬೆರಳಿಂದ ತಟ್ಟುತ್ತ ಹೋದಳು. ಅಷ್ಟು ಚೆಂದದ ತಾಳ ನಾನು ಕೇಳಿದ್ದೇ ಇಲ್ಲ.

ಮರುದಿನ ಗಿರಣಿಗೆ ಹೊರಟಾಗ ಹತ್ತಿಯ ಎರಡು ಉಂಡೆ ಕೈಗಿಟ್ಟಳು.

"ಟ್ವೀಟರಿಗೆ ಧೋತರ ಸುತ್ತಿದವರು, ಇದನ್ನಷ್ಟು ಕಿವ್ಯಾಗ ಇಟಗೋರಿ," ಅಂದಳು.