ಕೂತವರನ್ನು ಹಿಡಿದು ನಿಂತವನನ್ನು ಬಿಟ್ಟ ಬಗ್ಗೆ

ಸಾಗರ, ೧೯೬೪ನೇ ಇಸವಿ

ಇಂದ:
ಬೆಳ್ಳಪ್ಪ ಬಿನ್ ಜಟ್ಟಪ್ಪ, ಗೇಣಿ ಒಕ್ಕಲು, ಇಕ್ಕೇರಿಯಿಂದಾಚೆ
(ಹೇಳಿದ್ದು ಅವನು, ಬರೆದದ್ದು ಅರ್ಜಿ ಬರಹಗಾರ ನಾರಾಯಣಮೂರ್ತಿ)

ಗೆ:
ಸಬ್ ಇನ್ಸ್‌ಪೆಕ್ಟರ್ ಸಾಹೇಬರು, ಪೇಟೆ ಠಾಣೆ

ವಿಷಯ: ಸತ್ಯಾಗ್ರಹದಲ್ಲಿ ಅರ್ಜಿದಾರನನ್ನು ಬಂಧಿಸದೆ ಬಿಟ್ಟು ಮಾನ ಕಳೆದ ಬಗ್ಗೆ.

ಉಲ್ಲೇಖ: ಹೋದ ತಿಂಗಳ ಕೊನೆಯ ಸಂತೆ ದಿನ ತಮ್ಮ ಪೊಲೀಸಿನವರು ಆಡಿದ ಮಾತು: "ನೀ ಒಳ್ಳೇವ್ನು, ಮನಿಗೆ ಹೋಗು."

ಮಾನ್ಯರೇ,

ಸದರಿ ಅರ್ಜಿದಾರನು ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ:

೧. ಗೇಣಿ ಒಕ್ಕಲುಗಳನ್ನು ಭೂಮಿಯಿಂದ ಎಬ್ಬಿಸಬಾರದೆಂದು ಕೇಳಲು ಊರವರೆಲ್ಲ ಪೇಟೆಯ ರಸ್ತೆಯಲ್ಲಿ ಕೂತಿದ್ದರು. ಕೂರುವುದೇ ಅಪರಾಧವೆಂದು ತಾವು ಮೊದಲೇ ತಮಟೆ ಹೊಡೆಸಿ ಸಾರಿದ್ದರಿಂದ ಯಾರಿಗೂ ಗೊಂದಲವಿರಲಿಲ್ಲ. ಸದರಿ ಅಪರಾಧವನ್ನು ಅರ್ಜಿದಾರನು ಬೆಳಗಿನಿಂದ ಮನಸಾರೆ ಮಾಡಿದ್ದಾನೆ. ಪಕ್ಕದಲ್ಲೇ ಕೂತಿದ್ದ ಹೆಂಡತಿ ಕೆರಿಯಮ್ಮ ಇದಕ್ಕೆ ಸಾಕ್ಷಿ.

೨. ಜನ ಯಾಕೆ ಬಂದರು ಎಂದು ತಾವು ಕೇಳಬಹುದು. ಊರಿನ ಮಂಜುನಾಥಪ್ಪ ಬಂದದ್ದು ಮನೆಯ ಅತ್ತೆ-ಸೊಸೆ ಜಗಳ ತಡೆಯಲಾರದೆ. ಅವನನ್ನು ಬಂಧಿಸಿದಿರಿ. ಅವಲಕ್ಕಿ ಮಾರುವವನು ದಣಿವಾಯಿತೆಂದು ಬುಟ್ಟಿ ಇಳಿಸಿ ಕೂತಿದ್ದ. ಅವನನ್ನೂ ಬಂಧಿಸಿದಿರಿ, ಈಗ ಅವನು ಭಾಷಣ ಮಾಡುತ್ತಾನೆ. ಅರ್ಜಿದಾರನಿಗಾದರೋ ನಿಜವಾದ ಕಾರಣವಿತ್ತು. ಇವನ ತಂದೆ ಜಟ್ಟಪ್ಪ ಒಮ್ಮೆ ಜ್ವರದಲ್ಲಿ ನಿಲ್ಲಲಾರದೆ ಗೇಣಿ ಭೂಮಿಯ ಒಡೆಯರ ಜಗಲಿಯಂಚಿಗೆ ಕೂತಾಗ, ಒಡೆಯರು ಬೈದು ಎಬ್ಬಿಸಿದ್ದರು. ಆಮೇಲೆ ಮುದುಕ ಸಾಯುವವರೆಗೂ ಆ ಅಂಗಳದಲ್ಲಿ ಕೂರಲಿಲ್ಲ. ಅದನ್ನು ಬೆಳ್ಳಪ್ಪ ಇವತ್ತಿಗೂ ಮರೆತಿಲ್ಲ. ಆದಕಾರಣ, ಒಂದು ಸಲವಾದರೂ ಒಡೆಯರ ಎದುರು ಕೂರಬೇಕೆಂದು ಬಂದಿದ್ದ.

೩. ಹೀಗಿರುವಲ್ಲಿ ಒಡೆಯರ ಜೀಪು ಬಂತು. ಒಡೆಯರು ಎದುರಾದರೆ ಒಕ್ಕಲು ದಾರಿಯಿಂದಿಳಿದು, ಮುಂಡಾಸು ಬಿಚ್ಚಿ ಕಂಕುಳಲ್ಲಿಟ್ಟು ನಿಲ್ಲುವುದು ಹಳೆಯ ಕ್ರಮ. ತಲೆ ಬೇಡವೆಂದಿತು, ಕಾಲು ಕೇಳಲಿಲ್ಲ. ಎದ್ದ, ಚರಂಡಿ ದಾಟಿದ, ಮುಂಡಾಸು ಕಂಕುಳು ಸೇರಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟುಗುಣವಲ್ಲ, ಹೊಡೆದು ಕಲಿಸಿದ್ದು, ಇದೂ ಹೋಗಲಿಲ್ಲ.

೪. ಸರಿಯಾಗಿ ಆಗಲೇ ತಮ್ಮವರು ಕೂತವರನ್ನೆಲ್ಲ ವ್ಯಾನಿಗೆ ತುಂಬಿದರು. ಅರ್ಜಿದಾರನು "ನನ್ನೂ ಹಿಡೀರಿ ಸ್ವಾಮಿ" ಎಂದು ಓಡಿಬಂದರೆ ಉಲ್ಲೇಖದಲ್ಲಿ ಕಂಡ ಮಾತು ಸಿಕ್ಕಿತು. ವ್ಯಾನಿನ ಕಿಟಕಿಯಿಂದ ಕೆರಿಯಮ್ಮ, "ಅವ್ರನ್ನ ಬಿಟ್ಬಿಡಿ ಸಾಹೇಬ್ರೆ, ಅವ್ರು ಒಡೇರ ಕಡೇರು" ಎಂದಳು.

೫. ಕೆರಿಯಮ್ಮ ಜೈಲಿನಿಂದ ಹಾರ ಹಾಕಿಸಿಕೊಂಡು ಬಂದಳು. ಆ ರಾತ್ರಿ ಅರ್ಜಿದಾರನು ಊಟಕ್ಕೆ ಕೂರಹೋದರೆ ಮಣೆ ಎತ್ತಿಟ್ಟಳು. "ಒಡೇರನ್ನ ಕಂಡ್ರೆ ಎದ್ದು ನಿಲ್ಲೋ ಕಾಲು, ಉಣ್ಣಕ್ಕೆ ಯಾಕೆ ಮಡಚ್ಬೇಕು? ನಿಂತ್ಕಂಡೇ ಉಣ್ಣಿ."

"ನಿಂಗೆ ಹೆದ್ರಿಕೆ ಆಗ್ಲಿಲ್ವನೆ?"

"ಆಗ್ದೆ ಏನು! ನಂಗೂ ಕಾಲು ಎದ್ದೇಬಿಡ್ತಿತ್ತು. ಒಂದು ಜಲ್ಲಿಕಲ್ಲು ಮುಷ್ಟೀಲಿ ಬಿಗಿಯಾಗಿ ಹಿಡ್ಕಂಡು ಕೂತೆ."

ಅಂದಿನಿಂದ ಅರ್ಜಿದಾರನು ನಿಂತೇ ಉಣ್ಣುತ್ತಿದ್ದಾನೆ. ಅನ್ನ ಇಳಿಯುತ್ತಿಲ್ಲ, ಅದಕ್ಕೆ ನಿಂತದ್ದು ಕಾರಣವಲ್ಲ, ನಾಚಿಕೆ ಕಾರಣ.

ಆದ್ದರಿಂದ, ಸದರಿ ಬೆಳ್ಳಪ್ಪನನ್ನು ಸದರಿ ಸಂತೆ ದಿನದಿಂದಲೇ ಜಾರಿಗೆ ಬರುವಂತೆ ಬಂಧಿಸಬೇಕು. ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲವಾದರೆ, ಬರುವ ಸಂತೆಯ ದಿನ ಅದೇ ಜಾಗದಲ್ಲಿ ಇವನು ಮತ್ತೆ ಕೂರುತ್ತಾನೆ. ಅಂದು ದಯಮಾಡಿ ಒಡೆಯರ ಜೀಪನ್ನು ಮೊದಲು ಬರಗೊಡಬೇಕು. ಜೀಪು ಹತ್ತಿರ ಬಂದು ನಿಂತು, ಒಡೆಯರು ಇಳಿದು, ಇವನ ಮುಖವನ್ನು ಗುರುತು ಹಿಡಿದ ಮೇಲೆ ತಾವು ಬರಬೇಕು. ಅಷ್ಟರೊಳಗೆ ಬಂಧಿಸಿದರೆ ಅರ್ಜಿದಾರನಿಗೆ ತುಂಬಲಾರದ ನಷ್ಟವಾಗುತ್ತದೆ.

ಎದ್ದು ನಿಲ್ಲುವುದೊಂದನ್ನು ಬಿಟ್ಟು ಉಳಿದೆಲ್ಲದರಲ್ಲಿ ತಮ್ಮ ವಿಶ್ವಾಸಿ,
ಬೆಳ್ಳಪ್ಪ (ಎಡಗೈ ಹೆಬ್ಬೆಟ್ಟು)

ಲಗತ್ತು: ಜಲ್ಲಿಕಲ್ಲು ಒಂದು. ಎಸೆಯುವುದಕ್ಕಲ್ಲ. ನೋಡಿ ವಾಪಸು ಕೊಡಬೇಕು, ಸಂತೆಯ ದಿನ ಬೇಕಾಗಿದೆ.

ವಿ.ಸೂ.: ಉತ್ತರ ಸಿಗುವವರೆಗೆ ಅರ್ಜಿದಾರನು ತಮ್ಮ ಠಾಣೆಯ ಮೆಟ್ಟಿಲ ಮೇಲೆ ಅಭ್ಯಾಸಕ್ಕಾಗಿ ಕೂತಿರುತ್ತಾನೆ. ತಾವು ಬಂದಾಗ ಏಳುವುದಿಲ್ಲ. ಪಕ್ಕದಿಂದ ದಾಟಿ ಹೋಗಬೇಕಾಗಿ ಪ್ರಾರ್ಥನೆ.