ಮೆಸ್ಸಿನ ಅಕ್ಕ ಕಲಿತ ಸ್ಪ್ಯಾನಿಷ್

ನಲವತ್ತು ದಾಟಿದ ಮೇಲೆ, ಅದೂ ಮೊಬೈಲನ್ನೇ ಮೇಷ್ಟ್ರು ಮಾಡಿಕೊಂಡು ಹೊಸ ಭಾಷೆ ಕಲಿಯಲು ಕೂತರೆ ಇಂಥವೆಲ್ಲ ನಡೆಯುತ್ತಲೇ ಇರುತ್ತವೆ. ನಡೆದದ್ದಕ್ಕೆ ನನಗೇನೂ ನಾಚಿಕೆ ಇಲ್ಲ. ಜಗಳೂರಿನಲ್ಲಿ ಸ್ಪ್ಯಾನಿಷ್ ಬರುವ ಮೆಸ್ಸಿನವಳು ಅಂದರೆ ಸದ್ಯಕ್ಕೆ ನಾನೊಬ್ಬಳೇ. ಇದನ್ನು ಯಾರೂ ಕೇಳದಿದ್ದರೂ ನಾನೇ ಹೇಳಿಕೊಂಡು ತಿರುಗುತ್ತೇನೆ, ನನ್ನ ಗಂಡನಿಗೆ ಅದೇ ಬೇಜಾರು.

ನಾನು ಹುಟ್ಟಿದ್ದು ನ್ಯಾಮತಿಯಲ್ಲಿ, ನನ್ನನ್ನು ಕೊಟ್ಟಿದ್ದು ಚನ್ನಗಿರಿಗೆ, ನಮ್ಮಕ್ಕ ಇರುವುದು ಹೊನ್ನಾಳಿಯಲ್ಲಿ. ಗಂಡ ಲೈನ್‌ಮನ್. ಅವರಿಗೆ ಜಗಳೂರಿಗೆ ವರ್ಗವಾದಾಗ ಸುಮ್ಮನೆ ಕೂರುವುದು ಯಾಕೆಂದು ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲೇ ಮೆಸ್ ಶುರು ಮಾಡಿದೆ. ಊರಾಚೆ ಗಾಳಿಯಿಂದ ಕರೆಂಟು ಮಾಡುವ ದೊಡ್ಡ ದೊಡ್ಡ ಯಂತ್ರಗಳಿವೆ, ನಮ್ಮ ಕಡೆ ಅವಕ್ಕೆ ಫ್ಯಾನು ಅಂತಲೇ ಹೆಸರು. ಆ ಫ್ಯಾನಿನ ಕೆಲಸದವರೆಲ್ಲ ಊಟಕ್ಕೆ ನನ್ನ ಮೆಸ್ಸಿಗೇ ಬರುವುದು.

ಮಾತು ಮಾರುದ್ದ, ಉತ್ತರ ಗೇಣುದ್ದ

ಒಂದು ದಿನ ಫ್ಯಾನಿನ ಇಂಜಿನಿಯರು ಸ್ಪೇನ್ ದೇಶದ ಹೆಂಗಸೊಬ್ಬಳನ್ನು ಊಟಕ್ಕೆ ಕರೆದುಕೊಂಡು ಬಂದ. ಫ್ಯಾನು ಕೆಟ್ಟರೆ ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ಅಷ್ಟೆತ್ತರ ಹತ್ತಿ ರಿಪೇರಿ ಮಾಡುವವಳಂತೆ. ನೋಡಿದರೆ ಕಡ್ಡಿ ಹಾಗಿದ್ದಳು. ಗಾಳಿಗೆ ಹಾರಿಹೋಗದಿರಲಿ ಅಂತಲೇ ಬೆಲ್ಟು ಕಟ್ಟುತ್ತಾರೇನೋ ಅಂದುಕೊಂಡೆ. ಈ ಮಗಳಿಗೆ ಒಂಚೂರು ಮೈ ತುಂಬಿಸಿ ಕಳಿಸಬೇಕು ಎಂದು ಆವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಅವಳಿಗೆ ಬರುವುದು ಸ್ಪ್ಯಾನಿಷ್ ಒಂದೇ. ಇಂಜಿನಿಯರನ್ನು ಕಂಪನಿಯವರು ಅವರ ದೇಶಕ್ಕೆ ತರಬೇತಿಗೆ ಕಳಿಸಿದ್ದರಿಂದ ಅವನಿಗೆ ಆ ಭಾಷೆ ಗೊತ್ತು. ಅವಳು ಊಟ ಮಾಡಿ, ನನ್ನ ಕಡೆ ತಿರುಗಿ, ಎರಡೂ ಕೈ ಆಡಿಸುತ್ತ, ಹೊಟ್ಟೆ ಮುಟ್ಟಿಕೊಂಡು, ಮೇಲೆ ಆಕಾಶ ತೋರಿಸಿ, ಬಹಳ ಹೊತ್ತು ಏನೇನೋ ಹೇಳಿದಳು. ಏನಂತೆ ಎಂದು ಇಂಜಿನಿಯರನ್ನು ಕೇಳಿದೆ.

"ಚೆನ್ನಾಗೈತಂತೆ ಅಕ್ಕಾ," ಅಂದ.

ಮಾರನೇ ದಿನವೂ ಅಷ್ಟೇ, ಅದರ ಮಾರನೇ ದಿನವೂ ಅಷ್ಟೇ. ಅವಳದು ಒಂದು ಭಾಷಣ, ಇವನದು ಒಂದು ಮಾತು. ನನಗೆ ಅನುಮಾನ ಹತ್ತಿತು. ಚೆನ್ನಾಗಿದೆ ಅನ್ನಲು ಆಕಾಶ ಯಾಕೆ ತೋರಿಸಬೇಕು? ಉಪ್ಪು ಹೆಚ್ಚಾಗಿದೆಯೋ, ಖಾರ ನೆತ್ತಿಗೆ ಏರಿದೆಯೋ, ದೇವರೇ ಕಾಪಾಡಬೇಕು ಅನ್ನುತ್ತಿದ್ದಾಳೋ? ನನ್ನ ಎಣ್ಣೆಗಾಯಿಗೆ ಇವತ್ತಿನವರೆಗೆ ಯಾರೂ ಹೆಸರಿಟ್ಟಿಲ್ಲ. ಅವಳು ನಿಜವಾಗಿ ಏನು ಹೇಳುತ್ತಾಳೆಂದು ನನ್ನ ಕಿವಿಯಲ್ಲೇ ಕೇಳಬೇಕು, ಅವಳು ಊರಿಗೆ ಹೋಗುವುದರೊಳಗೆ ಸ್ಪ್ಯಾನಿಷ್ ಕಲಿಯುತ್ತೇನೆ ಎಂದು ಗಂಡನಿಗೆ ಹೇಳಿದೆ. ಅವರು ಟಿವಿಯಿಂದ ಕಣ್ಣು ಕೀಳದೆ, ಲೈನ್‌ಮನ್ ಹೆಂಡತಿಯಾಗಿ ಮೊದಲು ಕನ್ನಡದ ಕರೆಂಟ್ ಬಿಲ್ಲು ಓದಲು ಕಲಿ ಅಂದರು.

ಸೇಬು ತಿನ್ನುವ ಹುಡುಗ

ಮಗಳು ನನ್ನ ಫೋನಿಗೆ ಮನೆಯಲ್ಲೇ ಕೂತು ಕಲಿಯುವ ಕೋರ್ಸೊಂದನ್ನು ಹಾಕಿಕೊಟ್ಟಳು. ಸರಿ ಉತ್ತರಕ್ಕೆ ಹಸಿರು, ತಪ್ಪಿಗೆ ಕೆಂಪು. ತಪ್ಪು ಹೆಚ್ಚಾದರೆ ಆವತ್ತಿನ ಪಾಠ ಬಂದ್.

ಮೊದಲನೇ ಪಾಠದಲ್ಲಿ ಒಬ್ಬ ಹುಡುಗ ಸೇಬು ತಿಂದ. ಎರಡನೆಯದರಲ್ಲೂ ತಿಂದ. ಮೂರನೆಯದರಲ್ಲಿ ಒಬ್ಬ ಹುಡುಗಿ ಬಂದಳು, ಅವಳೂ ಸೇಬೇ ತಿಂದಳು. ರೊಟ್ಟಿ, ಚಟ್ನಿಪುಡಿ, ಹುರುಳಿಕಾಳು ಸಾರು ಇವೆಲ್ಲ ಯಾವಾಗ ಬರುತ್ತವೆಂದು ಕಾದೆ. ಬದಲಿಗೆ ವಿಮಾನ ನಿಲ್ದಾಣ ಬಂತು, ಹೋಟೆಲಿನ ಕೋಣೆಯ ಕೀಲಿ ಬಂತು, ನನ್ನ ಚಿಕ್ಕಪ್ಪನ ನೀಲಿ ಕೋಟು ಬಂತು. ನಮ್ಮ ಚಿಕ್ಕಪ್ಪ ಜನ್ಮದಲ್ಲಿ ಕೋಟು ಹಾಕಿದವರಲ್ಲ.

ಕೊನೆಗೆ ಊಟದ ಪಾಠ ಬಂದಾಗ ನನ್ನ ಏರಿಯಾ ಬಂತು ಎಂದು ಸೆರಗು ಬಿಗಿದು ಕೂತೆ. ಪ್ರಶ್ನೆ ಹೀಗಿತ್ತು: ನೀವು ಇನ್ನೂ ಸ್ವಲ್ಪ ಬೇಕೇ ಎಂದು ಅತಿಥಿಯನ್ನು ಕೇಳಿದಿರಿ, ಅವರು 'ನೊ, ಗ್ರಾಸಿಯಾಸ್' ಅಂದರು, ಅಂದರೆ ಬೇಡ, ಧನ್ಯವಾದ. ಈಗ ನೀವೇನು ಮಾಡುತ್ತೀರಿ? ನಾನು ಯೋಚನೆಯನ್ನೂ ಮಾಡದೆ 'ಇನ್ನೊಂದು ಬಡಿಸುತ್ತೇನೆ' ಅನ್ನುವುದನ್ನು ಒತ್ತಿದೆ. ಕೆಂಪು ಬಂತು. ಕೈ ತಪ್ಪಿರಬೇಕೆಂದು ಮತ್ತೆ ಅದನ್ನೇ ಒತ್ತಿದೆ. ಮತ್ತೆ ಕೆಂಪು. ಸರಿ ಉತ್ತರ ಯಾವುದು ಎಂದು ನೋಡಿದರೆ 'ತಟ್ಟೆ ತೆಗೆದುಕೊಂಡು ಹೋಗುತ್ತೇನೆ' ಅಂತ ಇತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ಬೇಡ ಅಂದ ತಕ್ಷಣ ತಟ್ಟೆ ಎತ್ತುವುದೇ? ನಮ್ಮಲ್ಲಿ ಯಾರು ತಾನೇ ಬಾಯಿಬಿಟ್ಟು ಬೇಕು ಅನ್ನುತ್ತಾರೆ? ಸಾಕು ಅನ್ನುವುದು ಉಣ್ಣುವವರ ಮರ್ಯಾದೆ, ಹಾಕುವುದು ಬಡಿಸುವವರ ಮರ್ಯಾದೆ. ತಟ್ಟೆಗೆ ಕೈ ಅಡ್ಡ ಇಟ್ಟರೆ ಬೆರಳ ಸಂದಿಯಲ್ಲೇ ಸಾರು ಬಿಡುವವಳು ನಾನು. ಕೋರ್ಸು ಏನೇ ಹೇಳಲಿ, ಆ ಉತ್ತರವನ್ನು ನಾನು ಒತ್ತಲಿಲ್ಲ. ಊಟದ ಪಾಠದಲ್ಲಿ ಫೇಲಾದ ಮೆಸ್ಸಿನವಳು ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು.

ಚನ್ನಗಿರಿಯ ವಿದ್ಯಾರ್ಥಿಗಳು

ಸ್ಪ್ಯಾನಿಷ್‌ನಲ್ಲಿ ನಾಲಿಗೆ ಅದುರಿಸಿ 'ರ್ರ್ರ್' ಅನ್ನಬೇಕಾದ ಮಾತು ಬಹಳ. ನಾಯಿಗೆ ಪೆರ್ರೊ, ನೆಲಕ್ಕೆ ತಿಯೆರ್ರಾ. ದೊಡ್ಡವರಾದ ಮೇಲೆ ಇದನ್ನು ಕಲಿಯುವುದು ಕಷ್ಟ, ಧೈರ್ಯಗೆಡಬೇಡಿ ಎಂದು ಕೋರ್ಸಿನವರು ಮೊದಲೇ ಸಮಾಧಾನ ಹೇಳಿದ್ದರು. ಅವರಿಗೇನು ಗೊತ್ತು? ನ್ಯಾಮತಿಯಲ್ಲಿ ನಾನು ಲಂಗ ಎತ್ತಿಕಟ್ಟಿ ಆಡು ಕಾಯ್ದವಳು. ಆಡುಗಳನ್ನು ಮನೆಗೆ ತಿರುಗಿಸಲು ನಾನು 'ಟ್ರ್ರ್ರ್' ಎಂದರೆ ಆಚೆ ದಿಬ್ಬದ ಆಡೂ ಕಿವಿ ನಿಮಿರಿಸುತ್ತಿತ್ತು.

ಹಬ್ಬಕ್ಕೆ ಚನ್ನಗಿರಿಗೆ ಹೋದಾಗ ಅತ್ತೆಯ ಮನೆಯ ಜಗಲಿ ಮೇಲೆ ಕೂತು ಗಟ್ಟಿಯಾಗಿ ಅಭ್ಯಾಸ ಶುರು ಮಾಡಿದೆ. ಪೆರ್ರ್ರೊ, ಹಸಿರು. ತಿಯೆರ್ರ್ರಾ, ಹಸಿರು. ಒಂದಾದ ಮೇಲೊಂದು ಹಸಿರು ಬರುತ್ತಿದ್ದ ಖುಷಿಯಲ್ಲಿ ನಾನು ತಲೆಯೆತ್ತಲೇ ಇಲ್ಲ. ಎತ್ತಿ ನೋಡಿದರೆ ಓಣಿಯ ಆಡುಗಳೆಲ್ಲ ಜಗಲಿ ಮುಂದೆ ಬಂದು ಸಾಲಾಗಿ ನಿಂತಿವೆ. ಹಿಂದೆಯೇ ಅವುಗಳ ಒಡತಿಯರು, ನಮ್ಮ ಆಡನ್ನು ಯಾಕೆ ಕರೆದೆ ಅನ್ನುವ ಮುಖ ಹೊತ್ತು ಬರುತ್ತಿದ್ದಾರೆ.

ಅತ್ತೆ ಒಳಗಿಂದ ಬಂದವರು ಆಡುಗಳನ್ನೂ ನನ್ನನ್ನೂ ನೋಡಿದರು. "ನೀನು ಪಾಸಾದ್ರೆ ಇವಕ್ಕೂ ಸರ್ಟಿಫಿಕೇಟ್ ಕೊಡ್ಸವ್ವ, ನಿನಗಿಂತ ಗಮನ ಇಟ್ಟು ಕೇಳಾಕತ್ತಾವೆ," ಅಂದರು.

ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ಬಸ್ಸಿನಲ್ಲಿ

ಅಕ್ಕನ ಮನೆಯಿಂದ ತವರಿಗೆ ಹೊರಟಿದ್ದೆ. ಆವತ್ತಿನ ಪಾಠ ಬಾಕಿ ಇತ್ತು, ಕಿವಿಗೆ ಹಾಕಿಕೊಳ್ಳುವ ವೈರು ಕೆಟ್ಟಿತ್ತು. ಮೆಲ್ಲಗೆ ಮಾಡೋಣವೆಂದು ಫೋನು ತೆಗೆದರೆ ಅದು ಮೈಕಿನಂತೆ 'ದೋಂದೆ ಎಸ್ತಾ ಲಾ ಎಸ್ತಾಸ್ಯೋನ್' ಎಂದು ಕೂಗಿ, ಈಗ ನೀವು ಹೇಳಿ ಅಂದಿತು. ಬಸ್ಸಿನ ಸದ್ದಿಗೆ ನಾನು ಹೇಳಿದ್ದು ಅದಕ್ಕೆ ಕೇಳಲಿಲ್ಲ. ಕೆಂಪು. ಇನ್ನೊಂದು ಸಲ ಹೇಳಿದೆ. ಕೆಂಪು.

ಪಕ್ಕದ ಸೀಟಿನವರು ಏನ್ರೀ ಇದು ಎಂದು ಕೇಳಿದರು. ಹೇಳಿದೆ. ಒಬ್ಬ ಹೆಂಗಸನ್ನು ಫೋನು ಈ ಥರ ಸತಾಯಿಸುವುದು ಬಸ್ಸಿನವರಿಗೆ ಸರಿಬರಲಿಲ್ಲ. ಮೊದಲು ಪಕ್ಕದವರು ಹೇಳಿ ನೋಡಿದರು, ಆಮೇಲೆ ಹಿಂದಿನ ಕಾಲೇಜು ಹುಡುಗಿಯರು, ಆಮೇಲೆ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಕಂಡಕ್ಟರು. ಫೋನು ಯಾರಿಗೂ ಸೊಪ್ಪು ಹಾಕಲಿಲ್ಲ. ಕಡೆಗೆ ಮುಂದಿನ ಸೀಟಿನಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತಿದ್ದ ಅಜ್ಜಿಯೊಬ್ಬಳು ಇತ್ತ ಕೊಡು ಎಂದು ಫೋನು ಕಸಿದುಕೊಂಡು, ಬಾಯಲ್ಲಿದ್ದುದನ್ನು ಒಂದು ದವಡೆಗೆ ಸರಿಸಿ, ಫೋನಿಗೇ ಗದರಿಸುವಂತೆ ಒಂದೇ ಉಸಿರಿಗೆ ಹೇಳಿದಳು. ಹಸಿರು ಬಂದು ಗಂಟೆ ಬಾರಿಸಿತು. ಇಡೀ ಬಸ್ಸು ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ, ಎಷ್ಟಾದರೂ ನಮ್ಮೂರ ಬಸ್ಸು.

ಅಜ್ಜಿ ಫೋನು ವಾಪಸು ಕೊಡುತ್ತ, ಇದರ ಅರ್ಥ ಏನು ಎಂದು ಕೇಳಿದಳು. ರೈಲ್ವೆ ಸ್ಟೇಷನ್ ಎಲ್ಲಿದೆ ಅಂತ ಅಜ್ಜಿ ಅಂದೆ.

"ನ್ಯಾಮತಿಗೆ ರೈಲೇ ಇಲ್ವಲ್ಲವ್ವ," ಅಂದಳು. "ಇದನ್ನ ಕಲಿಯಾಕೆ ಇಷ್ಟು ಜನದ ಬಾಯಿ ನೋಯಿಸಿದೆಯಾ?"

ಹೋಗಿ ಬರ್ತೀನಿ

ಅಷ್ಟರಲ್ಲಿ ಸ್ಪೇನಿನವಳ ಜೊತೆ ನನ್ನದು ಸಣ್ಣಪುಟ್ಟ ಮಾತು ಶುರುವಾಗಿತ್ತು. ನೀರು ಬೇಕಾ, ಬಿಸಿಲು ಜಾಸ್ತಿ, ನಿಮ್ಮ ತಾಯಿ ಹೇಗಿದ್ದಾರೆ, ಇಷ್ಟು. ನನ್ನ ಬಾಯಲ್ಲಿ ಅವಳ ಭಾಷೆ ಕೇಳಿದ ಮೊದಲ ದಿನ ಅವಳ ಕಣ್ಣಲ್ಲಿ ನೀರು ಬಂದಿತ್ತು. ಆ ಖುಷಿಗೆ ಒಂದು ರೊಟ್ಟಿ ಜಾಸ್ತಿ ಹಾಕಿದೆ.

ಒಂದು ಭಾನುವಾರ ಮೆಸ್ಸಿಗೆ ರಜೆ. ಗಂಡನ ಜೊತೆ ದಾವಣಗೆರೆಗೆ ಹೊರಟಾಗ ಅವಳು ಬಾಗಿಲಲ್ಲೇ ಸಿಕ್ಕಳು. ಕೋರ್ಸಿನಲ್ಲಿ ಇಂಥ ಹೊತ್ತಿಗೆ ಆದ್ಯೋಸ್ ಅನ್ನಿ ಎಂದಿದ್ದರು. ಅಂದರೆ ಬರೀ ಹೋಗುತ್ತೇನೆ ಅಂದಹಾಗೆ. ಹೊಸ್ತಿಲಲ್ಲಿ ನಿಂತು ಹೋಗುತ್ತೇನೆ ಅನ್ನಲು ನನಗೆ ನಾಲಿಗೆ ಬರುತ್ತದೆಯೇ? ನಾನೇ ಮಾತು ಜೋಡಿಸಿ 'ಬೊಯ್ ಇ ಬೆಂಗೊ' ಅಂದೆ. ಹೋಗಿ ಬರ್ತೀನಿ. ಅವಳು ನಕ್ಕು ತಲೆಯಾಡಿಸಿ ಕಟ್ಟೆ ಮೇಲೆ ಕೂತಳು. ಕೋರ್ಸು ಹೇಳಿಕೊಡದ ಮಾತನ್ನು ಸ್ವಂತ ಹೇಳಿದೆನೆಂದು ದಾವಣಗೆರೆಯವರೆಗೂ ಬೀಗಿದೆ.

ಬೆಣ್ಣೆ ದೋಸೆ ತಿಂದು, ಸೀರೆ ಅಂಗಡಿ ನೋಡಿ, ಹೊತ್ತು ಮುಳುಗುವಾಗ ವಾಪಸು ಬಂದರೆ ಅವಳು ಅದೇ ಕಟ್ಟೆ ಮೇಲೆ ಪಕ್ಕದ ಮನೆಯವಳ ಜೊತೆ ಶೇಂಗಾ ಸುಲಿಯುತ್ತ ಕೂತಿದ್ದಾಳೆ. ಅವಳ ಊರಲ್ಲಿ ಹಾಗೆ ಅಂದರೆ ಈಗ ಬಂದೆ, ಕೂತಿರು ಅಂತಲೇ ಲೆಕ್ಕವಂತೆ. ಹೇಳಿದ ಮೇಲೆ ಬರುತ್ತೀಯೆಂದು ಕಾದೆ ಅಂದಳು. ಪಕ್ಕದ ಮನೆಯವಳು ಮೊರ ಕೊಡವುತ್ತ, "ಇನ್ನೊಂದು ಭಾನುವಾರ ಹಿಂಗೇ ಹೇಳಿ ಹೋಗ್ರಿ, ಇನ್ನರ್ಧ ಚೀಲ ಉಳಿದೈತೆ," ಅಂದಳು.

ಕೊನೆಗೂ ಕಿವಿಯಾರೆ ಕೇಳಿದ್ದು

ಅವಳು ಊರಿಗೆ ಹೊರಡುವ ವಾರ ಬಂತು. ಅಷ್ಟು ಹೊತ್ತಿಗೆ ಅವಳ ಕೆನ್ನೆ ತುಂಬಿತ್ತು, ತೋಳು ತುಂಬಿತ್ತು, ನೋಡಿದರೆ ನನಗೇ ಹೊಟ್ಟೆ ತಣ್ಣಗಾಗುತ್ತಿತ್ತು. ಇನ್ನು ತಡಮಾಡಿದರೆ ಕಲಿತದ್ದು ದಂಡ ಎಂದು ಒಂದು ಮಧ್ಯಾಹ್ನ, ಮೆಸ್ಸು ತುಂಬಿರುವಾಗಲೇ, ಕೈಯಲ್ಲಿ ರೊಟ್ಟಿ ಹಿಡಿದು ಅವಳ ಮುಂದೆ ನಿಂತೆ. ನನ್ನ ಊಟದ ವಿಷಯ ದಿನಾ ಏನು ಹೇಳುತ್ತೀಯ, ಇವತ್ತು ನಿಜ ಹೇಳು ಎಂದು ಸ್ಪ್ಯಾನಿಷ್‌ನಲ್ಲಿ ಕೇಳಿದೆ. ಎಲ್ಲರೂ ಉಣ್ಣುವುದನ್ನು ಬಿಟ್ಟು ನನ್ನ ಬಾಯಿ ನೋಡಿದರು. ಗಂಡನೂ ಅಲ್ಲೇ ಇದ್ದರು. ಮೂಲೆಯಲ್ಲಿದ್ದ ಇಂಜಿನಿಯರನ ತುತ್ತು ಬಾಯಿಯ ಹತ್ತಿರವೇ ನಿಂತಿತು.

ಅವಳು ಇಂಜಿನಿಯರನ್ನು ಒಮ್ಮೆ ನೋಡಿ, ನನ್ನ ಕೈ ಹಿಡಿದುಕೊಂಡು, ನನಗೆ ಅರ್ಥವಾಗಲೆಂದು ನಿಧಾನವಾಗಿ ಹೇಳಿದಳು. ಒಂದು ಮಾತೂ ಬಿಡದೆ ನನಗೆ ಅರ್ಥವಾಯಿತು.

ಅಕ್ಕಾ, ನಿನ್ನ ಕೈ ಊಟ ಬಹಳ ರುಚಿ. ಆದರೆ ನಾನು ದಿನಾ ಸಾಕು ಅನ್ನುತ್ತೇನೆ, ನೀನು ದಿನಾ ಇನ್ನಷ್ಟು ಹಾಕುತ್ತೀಯ. ತಟ್ಟೆಯಲ್ಲಿ ಅನ್ನ ಬಿಡಬಾರದೆಂದು ನಮ್ಮಮ್ಮ ಕಲಿಸಿದ್ದಾಳೆ, ಅದಕ್ಕೇ ಎಲ್ಲಾ ತಿನ್ನುತ್ತೇನೆ. ಹೀಗೆ ತಿಂದರೆ ಹೊಟ್ಟೆ ಬೆಳೆದು ಮೇಲೆ ಹತ್ತಲಾಗುವುದಿಲ್ಲ ಎಂದು ನಿನಗೆ ಹೇಳು ಹೇಳು ಅಂತ ಮೊದಲ ದಿನದಿಂದ ಇವನಿಗೆ ಅನ್ನುತ್ತಿದ್ದೇನೆ. ಈಗ ನನ್ನ ಬೆಲ್ಟು ಕೊನೇ ತೂತಿಗೂ ಬರುತ್ತಿಲ್ಲ. ಹೋದ ವಾರದಿಂದ ನನ್ನನ್ನು ಫ್ಯಾನು ಹತ್ತಲು ಬಿಟ್ಟಿಲ್ಲ, ಕೆಳಗೆ ನಿಂತು ಬೇರೆಯವರು ಹತ್ತುವುದನ್ನು ನೋಡುತ್ತಿದ್ದೇನೆ.

ಆಕಾಶ ತೋರಿಸುತ್ತಿದ್ದುದು ಅದಕ್ಕೆ. ಹೊಟ್ಟೆ ಮುಟ್ಟುತ್ತಿದ್ದುದೂ ಅದಕ್ಕೆ.

ನನಗೆ ನಗು ಬಂತು, ಪಾಪ ಅನ್ನಿಸಿತು. ಆದರೆ ನಿಜ ಹೇಳುತ್ತೇನೆ, ಎಲ್ಲಕ್ಕಿಂತ ಮೊದಲು ಬಂದದ್ದು ಹೆಮ್ಮೆ. ಇಷ್ಟುದ್ದದ ಮಾತು, ನೆರಳಿನಂತೆ ನಿಂತು ಹೇಳಿಕೊಡುವವರು ಯಾರೂ ಇಲ್ಲ, ಅಷ್ಟೂ ನನ್ನ ತಲೆಗೆ ಹತ್ತಿತ್ತು. ಇಂಜಿನಿಯರು ತಲೆ ತಗ್ಗಿಸಿ ತಟ್ಟೆಯಲ್ಲಿ ಗೆರೆ ಎಳೆಯುತ್ತಿದ್ದ. ಅವನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನೂ ಈ ಕಡೆಯ ಹುಡುಗನೇ. ಅನ್ನ ಇಕ್ಕುವವಳ ಮುಖ ನೋಡಿಕೊಂಡು ಅಂಥ ಮಾತು ಆಡಲು ಅವನಿಗಾದರೂ ಹೇಗೆ ಬಾಯಿ ಬರಬೇಕು?

ಕೈಯಲ್ಲಿದ್ದ ರೊಟ್ಟಿಯನ್ನು ಮುರಿದು ಅರ್ಧ ನಾನಿಟ್ಟುಕೊಂಡು ಅರ್ಧ ಅವಳ ತಟ್ಟೆಗೆ ಹಾಕಿದೆ. ಕೋರ್ಸಿನ ಮಾತಿಗೆ ಅರ್ಧ ಮರ್ಯಾದೆ, ನನ್ನ ಮಾತಿಗೆ ಅರ್ಧ.

ಕೊನೆಗೆ ಗಂಡನೇ ಕೇಳಿದರು. "ಅಷ್ಟೊತ್ತು ಮಾತಾಡಿದ್ರಲ್ಲೇ, ಏನಂತೆ?"

ನಾನು ಸೆರಗು ಸರಿಮಾಡಿಕೊಂಡು, ಇಂಜಿನಿಯರನ ಕಡೆ ಒಮ್ಮೆ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದೆ.

"ಚೆನ್ನಾಗೈತಂತೆ."