ಚನ್ನರಾಯಪಟ್ಟಣದ ಮನೆಗೆ ಬೆಲೆ ಕೇಳಿದ್ದು

ಮನೆ ಕೊಳ್ಳುವವನು ತನ್ನ ಬೆಲೆಯನ್ನು ಒಂದೇ ಸಲ, ಸ್ಪಷ್ಟವಾಗಿ, ಮನೆಯ ಯಜಮಾನರಿಗೇ ಹೇಳಬೇಕು. ಇದು ನನ್ನ ನಿಯಮ. ನಮ್ಮ ಕಡೆ ಒಂದು ಕರು ಕೊಳ್ಳುವವರೂ ಇದನ್ನು ಪಾಲಿಸುವುದಿಲ್ಲ. ಹಾಗಾಗಿ ಇಂಥ ಪ್ರಸಂಗಗಳಿಗೆ ಬರವಿಲ್ಲ.

ನಯಾ ಪೈಸೆ ಬಂದ ಹೊಸದರಲ್ಲಿ ನಾನು ಹೊಳೆನರಸೀಪುರದಲ್ಲಿ ಹೆಡ್‌ಮಾಸ್ಟರು. ನಿವೃತ್ತಿಗೆ ಎರಡು ವರ್ಷವಿತ್ತು. ಬರೀ ಪಿಂಚಣಿಯಲ್ಲಿ ಸಂಸಾರ ನಡೆಯದು, ಬಾಡಿಗೆಗೆ ಕೊಡಲು ಒಂದು ಮನೆ ಬೇಕು. ಕೂಡಿಟ್ಟದ್ದು ನಾಲ್ಕು ಸಾವಿರ. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಹೆಂಚಿನ ಮನೆ ಮಾರಾಟಕ್ಕಿತ್ತು. ಯಜಮಾನರು ನುಗ್ಗೇಹಳ್ಳಿಯ ಕೊಬ್ಬರಿ ವ್ಯಾಪಾರಿ.

ಕಾಗದ

ನನ್ನ ಬೆಲೆಯನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಹದಿನೈದು ದಿನವಾದರೂ ಉತ್ತರವಿಲ್ಲ. ಹುಡುಕಿಕೊಂಡು ಹೋದರೆ ವ್ಯಾಪಾರಿ ತಾಲ್ಲೂಕು ಕಚೇರಿಯ ಮೆಟ್ಟಿಲ ಮೇಲೆ ಅರ್ಜಿ ಹಿಡಿದು ಕೂತಿದ್ದರು. ನನ್ನ ಗುರುತು ಅವರಿಗಿರಲಿಲ್ಲ.

"ಓದಿದೋರಂಗೆ ಕಾಣ್ತೀರ, ಒಸಿ ನೋಡಿ ಸಾ. ನಮ್ಮನೇನ ಸರ್ಕಾರ್ದೋರು ಕಿತ್ಕೋತಾರಂತೆ. ನಾಕು ಸಾವ್ರ ಪರಿಹಾರವಂತೆ."

ಕೊಟ್ಟದ್ದು ನನ್ನ ಕಾಗದ.

"ಇದು ಸರ್ಕಾರದ್ದಲ್ಲ, ನನ್ನದು," ಎಂದೆ.

ಅವರು ಅರ್ಜಿಯನ್ನೂ ನನ್ನ ಕಾಗದವನ್ನೂ ಮಡಿಸಿ ಜೇಬಿಗಿಟ್ಟರು. "ಸರ್ಕಾರ ಆಗಿದ್ರೆ ನಾಕಕ್ಕೇ ಬುಟ್ಬುಡ್ತಿದ್ದೆ. ನೀವಾದ್ರೆ ಜಾಸ್ತಿ ಆಯ್ತದೆ."

ಟವೆಲು

ನಡುವೆ ಬಂದ ದಲ್ಲಾಳಿ ಹಾಸನದ ಸಂತೆಯಲ್ಲಿ ಎತ್ತು ಮಾರಿಸುವವನು. ಬಿಡುವಿದ್ದಾಗ ಮನೆಯನ್ನೂ ಮಾರಿಸುತ್ತಿದ್ದ. ವ್ಯಾಪಾರಿಯ ಎದುರಿಗೇ ನನ್ನ ಕೈಯ ಮೇಲೆ ಟವೆಲು ಹೊದಿಸಿ, ಅದರಡಿ ತನ್ನ ಕೈ ತೂರಿಸಿದ. ಕೈ ಚಾಚಿದವರ ಕೈ ಕುಲುಕಬೇಕೆಂದು ನಾನು ಓದಿದ ಶಾಲೆಯಲ್ಲಿ ಕಲಿಸಿದ್ದರು. ಬಿಗಿಯಾಗಿ ಹಿಡಿದು ಕುಲುಕಿದೆ.

"ಮೇಸ್ಟ್ರು ಐದು ಸಾವ್ರ ಅಂದವ್ರೆ," ಎಂದು ಸಾರಿದ.

"ನಾನು ಬಾಯೇ ತೆರೆದಿಲ್ಲ."

"ಬಾಯ್ಯಾಕೆ ಸಾ? ಬೆರಳಿಗೊಂದು ಸಾವ್ರ. ನೀವು ಐದೂ ಇಡಿದ್ರಿ. ಅದೂ ಎರಡು ಸಲ ಅಲ್ಲಾಡ್ಸುದ್ರಿ."

ವ್ಯಾಪಾರಿ ಮುಂದೆ ಬಾಗಿದರು. "ಅಂಗಾರೆ ಅತ್ತು ಸಾವ್ರವಾ?"

ಬಾವಿ

ಮನೆ ನೋಡಲು ಹೋಗುವಾಗ ನನ್ನ ಹೆಂಡತಿಗೆ ಬೆಲೆಯ ಮಾತೆತ್ತಬಾರದೆಂದು ಹೇಳಿದ್ದೆ. ಎತ್ತಲಿಲ್ಲ. ಹಿತ್ತಲಿನ ಬಾವಿಯಲ್ಲಿ ಇಣುಕಿ, "ಇಂಥ ನೀರಿಗೆ ನನ್ನ ಬಳೆ ಮಾರಿದರೂ ಸರಿ," ಎಂದಳು, ಅಷ್ಟೆ.

ವ್ಯಾಪಾರಿ ಅಂದು ಸಂಜೆಯವರೆಗೂ ಅವಳ ಕೈಗಳಿಂದ ಕಣ್ಣು ತೆಗೆಯಲಿಲ್ಲ.

ಹೆಬ್ಬೆಟ್ಟು

ಕೊನೆಗೆ ನುಗ್ಗೇಹಳ್ಳಿಯ ಅವರ ಪಡಸಾಲೆಯಲ್ಲೇ ನಿಂತು ಹೇಳಿದೆ: "ನಾಲ್ಕು ಸಾವಿರ. ಬೆಲೆಯನ್ನು ಒಂದೇ ಸಲ, ಸ್ಪಷ್ಟವಾಗಿ, ಯಜಮಾನರಿಗೇ ಹೇಳಬೇಕು. ಹೇಳಿದ್ದೇನೆ."

ವ್ಯಾಪಾರಿ ಮೀಸೆ ತಿರುವಿ, "ಆಯ್ತು ಬುಡಿ," ಎಂದರು. ನನಗೆ ನಿಯಮದ ಮೇಲೆ ಅಭಿಮಾನ ಉಕ್ಕಿತು.

ಪತ್ರ ಬರೆಯುವವರು ಬಂದರು. ಹಳೆಯ ಕ್ರಯಪತ್ರದ ಸುರುಳಿ ಬಿಚ್ಚಿದರೆ ಒಳಗಿನಿಂದ ನನ್ನ ಇಂಗ್ಲಿಷ್ ಕಾಗದವೂ ಬಿತ್ತು. ಅವರು ಕ್ರಯಪತ್ರ ಓದಿ, ಕನ್ನಡಕ ಮೇಲೇರಿಸಿ ವ್ಯಾಪಾರಿಯನ್ನು ನೋಡಿದರು. "ಮನೆ ನಿಮ್ಮ ತಾಯಿಯ ಹೆಸರಿನಲ್ಲಿದೆಯಲ್ಲ."

ತಾಯಿ ಮೂಲೆಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನು ಹೋದಾಗಲೆಲ್ಲ ಕುಡಿಯಲು ನೀರು ಕೊಟ್ಟವರು ಅವರೇ. ಚೊಂಬು ತೆಗೆದುಕೊಂಡಿದ್ದೆ, ತಲೆಯೆತ್ತಿ ನೋಡಿರಲಿಲ್ಲ. ಎಲ್ಲವನ್ನೂ ವಿಚಾರಿಸಿದ ನಾನು, ಮನೆ ಯಾರದೆಂದು ವಿಚಾರಿಸಿರಲಿಲ್ಲ.

"ಅದ್ಕೇನಂತೆ, ಅವ್ವ ಒತ್ತುತದೆ," ಎಂದು ವ್ಯಾಪಾರಿ ತಾಯಿಯ ಹೆಬ್ಬೆರಳಿಗೆ ಮಸಿ ಬಳಿದರು.

ಆಕೆ ನನ್ನ ಕಡೆ ತಿರುಗಿದರು. "ಮೇಸ್ಟ್ರೇ, ಬೆಲೆಯ ಯಾರ್ಗೆ ಯೋಳ್ಬೇಕು ಅಂದ್ರಿ?"

"ಯಜಮಾನರಿಗೆ."

"ನಂಗ್ಯಾರು ಯೋಳುದ್ರು?"

ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಂಡೆ. "ಅಮ್ಮಾ, ನಾಲ್ಕು..."

"ಒಂದೇ ಸಲ ಅಂದ್ರಲ್ಲ. ಅದು ಆಗೋಯ್ತು."

ಆಕೆ ನನ್ನ ಕಾಗದವನ್ನೆತ್ತಿಕೊಂಡು, ಹೆಬ್ಬೆರಳಿನ ಮಸಿಯನ್ನು ಅದರಲ್ಲಿ ಚೆನ್ನಾಗಿ ಒರೆಸಿ, ನನ್ನ ಕೈಗೇ ಕೊಟ್ಟು, ಹುಣಸೆಹಣ್ಣಿನ ಮೊರ ಹಿಡಿದು ಒಳಗೆ ಹೋದರು.